ತಂಗಿ ಬರೆದ ಕಾಗದ, ಅಣ್ಣನ ಸಹಿ

ಹೆಸ್ಟರ್ ಗಾರ್ಸೈಡ್ ಅಮ್ಮನವರನ್ನು ಮಣ್ಣು ಮಾಡಿ ಬಂದು ಇನ್ನೂ ವಾರವಾಗಿಲ್ಲ. ಸಮಾಧಿಯ ಕಲ್ಲಿನ ಮೇಲೆ ಏನು ಕೆತ್ತಿಸೋಣ ಎಂದು ಪಾದ್ರಿಗಳು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಹೇಳಿಬಿಟ್ಟರು: "ನಕ್ಷತ್ರಶಾಸ್ತ್ರಿ ಎಡ್ಮಂಡ್ ಗಾರ್ಸೈಡ್ ಅವರ ಪ್ರೀತಿಯ ತಂಗಿ ಅಂತ ಹಾಕಿದ್ರೆ ಸಾಕಲ್ವಾ ಡಾರ್ಕಸ್?" ಸಾಕು ಸ್ವಾಮಿ, ಧಾರಾಳವಾಯಿತು. ಆ ಮನೆಯ ಒಲೆಯ ಮುಂದೆ ನಿಂತೇ ಮುದುಕಿಯಾದವಳು ನಾನು. ಅಡುಗೆಯವಳ ಮಾತನ್ನು ಯಾರೂ ಕಲ್ಲಿನಲ್ಲಿ ಕೆತ್ತುವುದಿಲ್ಲ. ಆದ್ದರಿಂದ ಇಲ್ಲಿ ಹೇಳುತ್ತೇನೆ.

ಅವರ ತಂದೆಗೆ ಉಣ್ಣೆ ಗಿರಣಿ ಇತ್ತು. ಮುದುಕರು ತೀರಿಕೊಂಡಾಗ ಗಿರಣಿ ಮಗನಿಗೆ ಬಂತು. ಮಗಳೂ ಮಗನ ಪಾಲಿಗೇ ಬಂದಳು. ಮಗ ಗಿರಣಿಯನ್ನು ಮಾರಿ ಹಿತ್ತಲಲ್ಲಿ ಒಂದು ಗುಮ್ಮಟ ಕಟ್ಟಿಸಿದರು, ಅದರೊಳಗೆ ತೋಪಿನಂಥ ದುರ್ಬೀನು ತರಿಸಿ ಇಟ್ಟರು. ಯಾರ್ಕ್‌ಶೈರಿನ ನಮ್ಮ ಗುಡ್ಡದ ಊರಿನಲ್ಲಿ ಆಕಾಶ ಕಾಣಿಸುವುದೇ ಅಪರೂಪ. ಅಂಥ ಊರಿನಲ್ಲಿ ಗುಮ್ಮಟ ಕಟ್ಟುವವನಿಗೆ ಏನನ್ನಬೇಕೋ ಅದನ್ನು ಊರವರು ಬೇಕಾದಷ್ಟು ಅಂದರು. ಯಜಮಾನರು ಕೆಟ್ಟವರಲ್ಲ. ಯಾರ ಮೇಲೂ ಕೂಗಿದವರಲ್ಲ, ನನ್ನ ಸಂಬಳ ಒಂದು ದಿನ ತಡಮಾಡಿದವರಲ್ಲ. ಎದುರಿಗಿರುವ ಮನುಷ್ಯರು ಅವರ ಕಣ್ಣಿಗೆ ಬೀಳುತ್ತಿರಲಿಲ್ಲ, ಅಷ್ಟೇ.

ಅವರ ಕೆಲಸವೆಂದರೆ ಜೋಡಿನಕ್ಷತ್ರಗಳದು. ಒಂದಕ್ಕೊಂದು ಅಂಟಿಕೊಂಡಂತೆ ಕಾಣುವ ಎರಡು ಚುಕ್ಕಿಗಳ ನಡುವಿನ ಸಂದನ್ನು ಅಳೆಯುವುದು, ವರ್ಷ ಕಳೆದ ಮೇಲೆ ಮತ್ತೆ ಅಳೆಯುವುದು, ಬೇರೆ ದೇಶದಲ್ಲಿ ಅದನ್ನೇ ಅಳೆಯುವವರಿಗೆ ಬರೆದು ತಾಳೆ ನೋಡುವುದು. ಕಣ್ಣನ್ನು ದುರ್ಬೀನಿಗೆ ಮೀಸಲಿಟ್ಟಿದ್ದರಿಂದ ಕಾಗದವನ್ನೆಲ್ಲ ತಂಗಿಯ ಕೈಯಲ್ಲೇ ಬರೆಸುತ್ತಿದ್ದರು. ತಿಂಡಿಯಾದ ಮೇಲೆ ಕಿಟಕಿಯ ಬಳಿ ನಿಂತು ಮೂರು ಸಾಲು ಹೇಳುವರು. ಮಸಿ ಒಣಗುವ ಮೊದಲೇ ಓದದೆ ಸಹಿ ಹಾಕಿ ಹೊರಟುಬಿಡುವರು.

ಇಟಲಿಯ ಮೋದೆನಾದಲ್ಲಿ ಬೊನ್ಫಾಂತಿ ಎಂಬ ಪ್ರೊಫೆಸರರಿದ್ದರು. ಅವರಿಗೆ ಮೊದಲ ಕಾಗದ ಬರೆದ ದಿನ ಹೆಸ್ಟರಮ್ಮ ಅದನ್ನು ಹಿಡಿದುಕೊಂಡು ಅಡುಗೆಮನೆಗೆ ಬಂದರು.

"ಡಾರ್ಕಸ್, ಸಮುದ್ರ ದಾಟಿ ಹೋಗೋ ಕಾಗದ ಕಣೇ. ಮೂರೇ ಸಾಲು! ಮನೆಗೆ ಬಂದೋರಿಗೆ ನೀರೂ ಕೊಡದೆ ಕಳಿಸಿದ ಹಾಗಾಗಲ್ವಾ?"

"ಹಾಗಾದ್ರೆ ನಾಲ್ಕು ಮಾತು ನೀವೇ ಸೇರ್ಸಿ ಅಮ್ಮಾವ್ರೇ. ಹೆಂಗಿದ್ರೂ ಅಣ್ಣಾವ್ರು ಓದಲ್ಲ."

ಸೇರಿಸಿದರು. ಎರಡು ವಾರದಿಂದ ಮೋಡ ಬಿಟ್ಟಿಲ್ಲ, ನಮ್ಮ ಗಂಡು ಹೆಬ್ಬಾತು ಕಿರಿಯ ಪಾದ್ರಿಯನ್ನು ಚರ್ಚಿನ ಬಾಗಿಲತನಕ ಅಟ್ಟಿಸಿಕೊಂಡು ಹೋಯಿತು, ಅದನ್ನು ನೋಡಿ ನನ್ನ ತಂಗಿ ನಗು ತಡೆಯಲಾರದೆ ಪ್ರಾರ್ಥನೆಗೇ ಹೋಗಲಿಲ್ಲ, ಹೀಗೆ. ಎಲ್ಲವೂ ಅಣ್ಣನೇ ಹೇಳುತ್ತಿರುವಂತೆ. ಇಟಲಿಯಿಂದ ಬಂದ ಉತ್ತರದಲ್ಲಿ ಅಳತೆಗಳು ಒಂದು ಪುಟ, ಉಳಿದ ಮೂರು ಪುಟ ಆ ಹೆಬ್ಬಾತಿಗೆ ನಮಸ್ಕಾರ, ಅವರ ಮನೆಯ ಹಟಮಾರಿ ಕತ್ತೆಯ ಕಥೆ, ಹೆಂಡತಿ ತೆರೇಸಾ ಮಾಡುವ ಅಡುಗೆಯ ವರ್ಣನೆ.

ಯಜಮಾನರಿಗೆ ಬೇಕಾದದ್ದು ಅಳತೆ ಮಾತ್ರ. "ಅಂಕಿ ಓದು ಹೆಸ್ಟರ್" ಎನ್ನುವರು. ಅಮ್ಮ ಅಂಕಿ ಓದುವರು. ಮಿಕ್ಕಿದ್ದನ್ನು ನನ್ನ ಮುಂದೆ, ಆಲೂಗಡ್ಡೆಯ ಸಿಪ್ಪೆಯ ನಡುವೆ ಓದುವರು. ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದೆವು. ವರ್ಷಗಟ್ಟಲೆ ಇದು ನಡೆಯಿತು. ಇದು ಮೋಸವೆಂದು ನನಗೆ ಒಮ್ಮೆಯೂ ಅನಿಸಿರಲಿಲ್ಲ. ಈಗಲೂ ಅನಿಸುವುದಿಲ್ಲ.

ತೆರೇಸಾ ತೀರಿಕೊಂಡ ಸುದ್ದಿ ಬಂದ ದಿನ ಮಾತ್ರ ನಗಲಿಲ್ಲ. ಅಮ್ಮ ಮಧ್ಯಾಹ್ನವೆಲ್ಲ ಕೂತು ಉತ್ತರ ಬರೆದರು. ಏನು ಬರೆದರೆಂದು ನನಗೂ ಹೇಳಲಿಲ್ಲ. ಮೂಗು ಕೆಂಪಾಗಿತ್ತು. ಅಣ್ಣ ಬಂದು ಎಂದಿನಂತೆ ಕೆಳಗೆ ಸಹಿ ಹಾಕಿದರು. ಅದಕ್ಕೆ ಬಂದ ಉತ್ತರವನ್ನು ಮಾತ್ರ ಅಮ್ಮ ನನಗೆ ಓದಿ ತೋರಿಸಿದರು: "ಇಂಗ್ಲೆಂಡಿನಲ್ಲಿ ನನಗೊಬ್ಬ ಸ್ನೇಹಿತನಿದ್ದಾನೆ; ಅಷ್ಟರಿಂದಲೇ ಈ ಚಳಿಗಾಲವನ್ನು ದಾಟಿದೆ."

ಮೂರು ವರ್ಷದ ಮೇಲೆ ಆ ಸ್ನೇಹಿತನನ್ನು ನೋಡಲು ಬೊನ್ಫಾಂತಿಯವರೇ ಹೊರಟರು. ಲಂಡನ್ನಿನಲ್ಲಿ ಯಾವುದೋ ಪಂಡಿತರ ಸಭೆ, ಅದನ್ನು ಮುಗಿಸಿ ನಮ್ಮಲ್ಲಿಗೆ ಬಂದು ಒಂದು ವಾರ ಇರುವುದಾಗಿ ಬರೆದರು. ಅಮ್ಮನ ಮುಖ ನೋಡಬೇಕಿತ್ತು. ಒಂದು ಗಳಿಗೆ ಅರಳುವುದು, ಇನ್ನೊಂದು ಗಳಿಗೆ ಸುಣ್ಣವಾಗುವುದು.

"ಮೊದ್ಲು ಅಣ್ಣಾವ್ರಿಗೆ ಹೇಳ್ಬಿಡಿ" ಅಂದೆ. "ಹಿಂಗಿಂಗೆ ಬರೀತಿದ್ದೆ ಅಂತ. ಕೊಲೆ ಏನ್ ಮಾಡಿಲ್ವಲ್ಲ ನೀವು."

"ಹೇಳ್ತೀನಿ ಕಣೇ. ನಾಳೆ ತಿಂಡಿ ಹೊತ್ತಿಗೆ ಹೇಳ್ತೀನಿ."

ನಾಳೆಯ ತಿಂಡಿಯ ಹೊತ್ತಿಗೆ ಅಣ್ಣನಿಗೆ ತಲೆನೋವು, ನಾಳಿದ್ದು ಆಕಾಶ ತಿಳಿಯಾಗಿದ್ದಕ್ಕೆ ಸಂಭ್ರಮ, ಆಮೇಲೆ ದುರ್ಬೀನಿನ ಯಾವುದೋ ಕನ್ನಡಿ ಒರೆಸುವ ಅವಸರ. ನಾಳೆ ಎಂದವರ ಮನೆ ಹಾಳು. ಅತಿಥಿಯ ಗಾಡಿ ಬಾಗಿಲಿಗೆ ಬಂದೇಬಿಟ್ಟಿತು.

ಬೊನ್ಫಾಂತಿಯವರು ಕುಳ್ಳಗೆ, ದುಂಡಗೆ, ಬಿಳಿ ಗಡ್ಡದ ಮನುಷ್ಯ. ಇಳಿದವರೇ ಯಜಮಾನರನ್ನು ತಬ್ಬಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟರು. ನಮ್ಮ ಯಜಮಾನರು ಬೇಲಿಯ ಗೂಟದಂತೆ ನಿಂತರು. ಚಹಾದ ಹೊತ್ತಿಗೆ ನಾನೇ ತಟ್ಟೆ ಹಿಡಿದು ಒಳಗೆ ಹೋದೆ. ಅಮ್ಮ ಕೆಟಲಿನಿಂದ ಚಹಾ ಬಗ್ಗಿಸುತ್ತಿದ್ದರು. ಅತಿಥಿ ಇಂಗ್ಲಿಷನ್ನು ಪುಸ್ತಕದಿಂದ ಕಲಿತವರು, ಮಾತೂ ಹಾಗೇ ಇತ್ತು.

"ಮಿತ್ರರೇ, ಆ ಹೆಬ್ಬಾತು ಇನ್ನೂ ಧರ್ಮಗುರುಗಳನ್ನು ಬೆನ್ನಟ್ಟುತ್ತಿದೆಯೇ?"

"ಹೆಬ್ಬಾತಾ?" ಯಜಮಾನರು ನನ್ನ ಕಡೆ ತಿರುಗಿದರು. "ನಮ್ಮನೇಲಿ ಹೆಬ್ಬಾತಿದ್ಯಾ ಡಾರ್ಕಸ್?"

ಅತಿಥಿ ಅದನ್ನು ತಮಾಷೆಯೆಂದುಕೊಂಡು ತೊಡೆ ತಟ್ಟಿ ನಕ್ಕರು. ಕತ್ತೆಯ ಮಾತು ತೆಗೆದರು. ಯಜಮಾನರಿಗೆ ಕತ್ತೆಯೂ ಗೊತ್ತಿಲ್ಲ. ನಗು ಸಣ್ಣಗಾಗುತ್ತ ಬಂತು. ಕೊನೆಗೆ ಬಟ್ಟಲು ಕೆಳಗಿಟ್ಟು, ತಗ್ಗಿದ ದನಿಯಲ್ಲಿ ಹೇಳಿದರು: "ನನ್ನ ತೆರೇಸಾ ಹೋದಾಗ ತಾವು ಬರೆದ ಪತ್ರಕ್ಕೆ ನಾನು ಸರಿಯಾಗಿ ಕೃತಜ್ಞತೆ ಹೇಳಲಿಲ್ಲ."

"ನಿಮ್ಮ ಹೆಂಡ್ತಿ ಹೋಗ್ಬಿಟ್ರಾ?" ಯಜಮಾನರಿಗೆ ನಿಜಕ್ಕೂ ಮರುಕವಾಯಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. "ಅಯ್ಯೋ ಪಾಪ. ಯಾವಾಗ?"

ಅತಿಥಿಯ ಕೈ ಕೋಟಿನ ಎದೆಯ ಜೇಬಿನತ್ತ ಹೋಯಿತು, ಅಲ್ಲೇ ನಿಂತಿತು, ಬರಿದಾಗಿ ಹಿಂದಕ್ಕೆ ಬಂತು. ಅಕ್ಷರ ತಂಗಿಯದೆಂದು ಕಾಗದಗಳಲ್ಲೇ ಬರೆದಿದ್ದರಿಂದ ಅವರಿಗೆ ಗೊತ್ತಿತ್ತು. ಮಾತೂ ತಂಗಿಯದೆಂದು ಹೊಳೆಯುವುದಾದರೂ ಹೇಗೆ? ಯಾವನೋ ದೊಡ್ಡಮನುಷ್ಯ ಬಾಯುಪಚಾರಕ್ಕೆ ಹೇಳಿ ಬರೆಸಿ ಮರೆತುಬಿಟ್ಟ ನಾಲ್ಕು ಮಾತನ್ನು ತಾನು ಮೂರು ವರ್ಷ ಎದೆಗಿಟ್ಟುಕೊಂಡು ತಿರುಗಿದೆ ಎಂದು ಅವರು ತಿಳಿದರು. ಬೇರೆ ಯಾರಾಗಿದ್ದರೂ ಹಾಗೇ ತಿಳಿಯುತ್ತಿದ್ದರು. ನಾನು ಅಮ್ಮನ ಮುಖವನ್ನೇ ನೋಡುತ್ತಿದ್ದೆ. ಹೇಳಿ ಅಮ್ಮಾವ್ರೇ, ಈಗ ಹೇಳಿ ಎಂದು ಒಳಗೊಳಗೇ ಕೂಗುತ್ತಿದ್ದೆ. ಅವರು ಯಾರ ಬಟ್ಟಲಿಗೂ ಬೇಡದ ಚಹಾ ಬಗ್ಗಿಸಿದರು.

ವಾರಕ್ಕೆಂದು ಬಂದವರು ಮರುದಿನ ಬೆಳಿಗ್ಗೆಯೇ ಪೆಟ್ಟಿಗೆ ಕಟ್ಟಿದರು. ಸಭೆಯ ಕೆಲಸ ಬಾಕಿ ಇದೆ ಎಂಬ ನೆಪ. ಯಜಮಾನರು ಬಾಗಿಲಲ್ಲಿ ನಿಂತು, ರೈಲು ತಪ್ಪೀತೆಂದು ಅವಸರ ಮಾಡುತ್ತಿದ್ದರು. ಅಮ್ಮ ದಾರಿಗೆಂದು ಕೇಕಿನ ಪೊಟ್ಟಣ ಕೊಡಲು ಹೋದಾಗ ಬೊನ್ಫಾಂತಿಯವರು ಅದನ್ನು ತೆಗೆದುಕೊಂಡು ಮೆಲ್ಲಗೆ ಕೇಳಿದರು:

"ಅಮ್ಮಣ್ಣಿ, ಆ ಪತ್ರವನ್ನು ಬರೆದುಕೊಂಡವರು ನೀವು. ಅದನ್ನು ಹೇಳಿ ಬರೆಸುವಾಗ ಅವರ ದನಿ ಒಮ್ಮೆಯಾದರೂ ತಡವರಿಸಿತೇ?"

ನಾನು ಪೆಟ್ಟಿಗೆಯ ಒಂದು ತುದಿ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಅಮ್ಮ ಬಾಗಿಲಿನ ಕಡೆ ನೋಡಿದರು. ಅಲ್ಲಿ ಅಣ್ಣ.

"ನೆನಪಿಲ್ಲ ಸ್ವಾಮಿ" ಅಂದರು.

ಅವರು ಬಗ್ಗಿ ನಮಸ್ಕರಿಸಿ ಗಾಡಿ ಹತ್ತಿದರು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುತ್ತಾರೆ ತಿಳಿದವರು. ಆಡದೆ ಹೋದ ಮಾತಿನ ಲೆಕ್ಕ ಯಾವ ಗಾದೆಯಲ್ಲಿದೆ? ಅಡುಗೆಮನೆಯಲ್ಲಿ ನಾನು ಬಾಯಿಗೆ ಬಂದಂತೆ ಬೈದೆ. ಆಳು ಒಡತಿಗೆ ಬೈಯಬಾರದು, ಆದರೂ ಬೈದೆ.

"ನೆನಪಿಲ್ವಾ? ನೆನಪಿಲ್ವಾ ನಿಮ್ಗೆ? ಮೂಗು ಕೆಂಪಾಗಿತ್ತಲ್ಲ, ಅದು ನಂಗೇ ನೆನಪಿದೆ!"

"ಅವರೆದುರಿಗೆ ಅಣ್ಣನ ಮಾನ ಏನಾಗ್ತಿತ್ತು ಡಾರ್ಕಸ್? ಇನ್ನೊಬ್ಬರ ಮಾತಿಗೆ ಕಣ್ಮುಚ್ಚಿ ಸಹಿ ಹಾಕೋನು ಅಂತ ಆದ್ರೆ, ಅವನ ಅಳತೆಗಳನ್ನ ಯಾರು ನಂಬ್ತಾರೆ?"

"ಮಾನ ಹಾಳಾಗ್ಲಿ. ಈಗ್ಲಾದ್ರೂ ಕಾಗದ ಬರೀರಿ. ನಾನೇ ಓಡ್ಹೋಗಿ ಟಪಾಲಿಗೆ ಹಾಕ್ತೀನಿ."

ಅಮ್ಮ ಮೇಜಿನ ಮುಂದೆ ಕೂತರು, ಲೇಖನಿ ತೆಗೆದುಕೊಂಡರು. ಮಸಿಯಲ್ಲಿ ಅದ್ದಿ ನನ್ನನ್ನೇ ಕೇಳಿದರು, "ಯಾರ ಹೆಸರಲ್ಲಿ ಸಹಿ ಹಾಕ್ಲಿ? ಹೆಸ್ಟರ್ ಅನ್ನೋಳು ಅವರಿಗೆ ಯಾರು? ಚಹಾ ಕೊಟ್ಟೋಳು." ಲೇಖನಿಯನ್ನು ಒರೆಸಿ ಒಳಗಿಟ್ಟರು.

ಮುಂದಿನ ತಿಂಗಳು ಮೋದೆನಾದಿಂದ ಕಾಗದ ಬಂತು. ತೆಳ್ಳಗಿತ್ತು. "ಪ್ರಿಯ ಮಿತ್ರರೇ" ಎಂದು ಶುರುವಾಗುತ್ತಿದ್ದ ಜಾಗದಲ್ಲಿ "ಮಾನ್ಯರೇ" ಎಂದಿತ್ತು. ಕೆಳಗೆ ಆರು ನಕ್ಷತ್ರಗಳ ಅಳತೆ, ಕೊನೆಗೆ ಹೆಸರು. ಅಮ್ಮ ಅದನ್ನು ಅಣ್ಣನಿಗೆ ಮೊದಲಿಂದ ಕೊನೆಯವರೆಗೆ ಒಂದೂ ಅಕ್ಷರ ಬಿಡದೆ ಓದಿದರು. ಬಿಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಯಜಮಾನರಿಗೆ ತುಂಬ ಸಂತೋಷವಾಯಿತು. "ನೋಡಿದ್ಯಾ ಹೆಸ್ಟರ್, ನಮ್ಮನೆಗೆ ಬಂದುಹೋದ ಮೇಲೆ ಮನುಷ್ಯ ಅಚ್ಚುಕಟ್ಟಾಗಿ ಬರೆಯೋದು ಕಲಿತ" ಎಂದು ಕಿಟಕಿಯ ಬಳಿ ನಿಂತು ತಮ್ಮ ಮೂರು ಸಾಲು ಹೇಳಿದರು. ಅಮ್ಮ ಬರೆದರು. ಹಾಳೆಯಲ್ಲಿ ಇನ್ನೂ ಬೇಕಾದಷ್ಟು ಜಾಗವಿತ್ತು.

"ಆಯ್ತಾ?" ಯಜಮಾನರು ಕೈ ಚಾಚಿದರು. "ಕೊಡು, ಸಹಿ ಹಾಕ್ತೀನಿ. ಇನ್ನೇನಾದ್ರೂ ಬರೆಯೋದಿತ್ತಾ?"

"ಇಲ್ಲ ಅಣ್ಣ" ಅಂದರು ಅಮ್ಮ. "ಇನ್ನೇನೂ ಇಲ್ಲ."