ಹೊರಗಿನ ಚಿಲಕ

ನಮ್ಮ ಹಿಂದಿನ ಬೀದಿಯಲ್ಲಿ ಯಾರೋ ಹೊಸ ಮನೆ ಕಟ್ಟಿಸುತ್ತಿದ್ದಾರೆ. ಮೂರು ದಿನದಿಂದ ಅಲ್ಲಿ ಮರಗೆಲಸ. ಬೆಳಿಗ್ಗೆ ಕಿಟಕಿ ತೆಗೆದರೆ ಸಾಕು, ಹಲಸಿನ ಮರದ ಹೊಟ್ಟಿನ ವಾಸನೆ ಒಳಗೆ ಬರುತ್ತದೆ. ತುಸು ಸಿಹಿ, ತುಸು ಹುಳಿ. ಬಹಳ ಜನಕ್ಕೆ ಅದು ಹಿತವಾದ ವಾಸನೆ. ನನಗೂ ಒಂದು ಕಾಲದಲ್ಲಿ ಹಿತವಾಗಿಯೇ ಇತ್ತು. ಈಗ ಅದು ಮೂಗಿಗೆ ಬಿದ್ದ ಕೂಡಲೇ ಕಿಟಕಿ ಹಾಕುತ್ತೇನೆ, ಹಾಕಿದ್ದಕ್ಕೆ ನಾಚಿಕೊಂಡು ಮತ್ತೆ ತೆಗೆಯುತ್ತೇನೆ. ನನ್ನ ಹೆಂಡತಿ ಸರೋಜ ಇದನ್ನು ನೋಡಿಯೂ ನೋಡದವಳಂತೆ ಇರುತ್ತಾಳೆ. ಕಾರಣ ಅವಳಿಗೆ ಗೊತ್ತು. ನಿಮಗೂ ಹೇಳುತ್ತೇನೆ, ಕೂತುಕೊಳ್ಳಿ.

ನಾನು ಶಿಕಾರಿಪುರದ ಒಂದು ಹೈಸ್ಕೂಲಿನಲ್ಲಿ ಕ್ರಾಫ್ಟ್ ಮೇಷ್ಟ್ರಾಗಿದ್ದವನು. ಗಣಿತದ ಮೇಷ್ಟ್ರು ರಜೆ ಹಾಕಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಕ್ರಾಫ್ಟ್ ಮೇಷ್ಟ್ರು ರಜೆ ಹಾಕಿದರೆ ಹೆಡ್ಮಾಸ್ಟರಿಗೂ ಗೊತ್ತಾಗುವುದಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಉಜ್ಜುಗೊರಡು ಹಿಡಿಯುವುದು ಕಲಿಸಿದೆ. ಅಷ್ಟೂ ವರ್ಷದಲ್ಲಿ ನನ್ನ ಕಣ್ಣೆದುರು ತಯಾರಾದದ್ದು ಪೆನ್ನಿನ ಸ್ಟ್ಯಾಂಡು, ಊಟದ ಮಣೆ, ಮತ್ತು ಸ್ಟಾಫ್ ರೂಮಿನಲ್ಲಿ ಇಂದಿಗೂ ಎಡಕ್ಕೆ ವಾಲಿ ನಿಂತಿರುವ ಒಂದು ಕಪಾಟು. ನಾನೇ ಮುಂದೆ ನಿಂತು ಮಾಡಿದ ಬಾಗಿಲು ಒಂದೇ ಒಂದು. ನಿವೃತ್ತನಾದ ವರ್ಷ, ನಮ್ಮ ಮನೆಯ ಒಳಕೋಣೆಗೆ ಅದನ್ನು ಮಾಡಿದೆ. ಅತ್ತೆಗಾಗಿ.

ಅತ್ತೆ ಎಂದರೆ ಸರೋಜನ ತಾಯಿಯಲ್ಲ, ನನ್ನ ಅಪ್ಪನ ತಂಗಿ ಬಂಗಾರಮ್ಮ. ನಮ್ಮ ಮೂಲ ಸೊರಬದ ಕಡೆಯ ಹೊಸಬಾಳೆ. ನನಗೆ ಎರಡು ವರ್ಷವಿದ್ದಾಗ ಅವ್ವ ತೀರಿಕೊಂಡಳು. ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಅತ್ತೆಯೇ ನನ್ನನ್ನು ಎತ್ತಿ ಬೆಳೆಸಿದ್ದು. ನನಗೆ ನೌಕರಿಯಾದಾಗ ಒಂದು ಕಬ್ಬಿಣದ ಪೆಟ್ಟಿಗೆ ಹಿಡಿದು ನನ್ನ ಜೊತೆಗೇ ಶಿಕಾರಿಪುರಕ್ಕೆ ಬಂದವಳು, ಮತ್ತೆ ಹೊಸಬಾಳೆಗೆ ಹೋಗುವ ಮಾತೇ ಎತ್ತಲಿಲ್ಲ. ಅವಳ ರೊಟ್ಟಿ ತಟ್ಟುವ ಸದ್ದಿಗೆ ಬೀದಿಯ ನಾಯಿಗಳು ನಮ್ಮ ಹಿತ್ತಿಲಿಗೆ ಬರುತ್ತಿದ್ದವು. ಜೋರು ಬಾಯಿ, ಗಟ್ಟಿ ಕೈ. ಅಂಥವಳಿಗೆ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಮರೆವು ಶುರುವಾಯಿತು.

ಮೊದಲು ಉಪ್ಪು ಹಾಕಿದ್ದು ಮರೆತಳು. ಆಮೇಲೆ ಸರೋಜನ ಹೆಸರು ಮರೆತಳು. ಆಮೇಲೆ ಒಂದು ದಿನ ಮನೆಯಲ್ಲಿ ಅವಳೇ ಇರಲಿಲ್ಲ. ಶಿರಾಳಕೊಪ್ಪದ ರಸ್ತೆಯಲ್ಲಿ ಬರಿಗಾಲಲ್ಲಿ ನಡೆಯುತ್ತಿದ್ದವಳನ್ನು ಪರಿಚಯದ ಆಟೋದವನು ಕರೆತಂದ. ಎರಡನೇ ಸಲ ಸೊರಬದ ಬಸ್ಸು ಹತ್ತಿ ಕೂತಿದ್ದಳು. ಮೂರನೇ ಸಲ ಸಿಕ್ಕಾಗ ಕೆರೆಯ ಏರಿಯ ಕೆಳಗೆ, ನೀರಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಎಲ್ಲಿಗೆ ಹೊರಟೆ ಎಂದು ಕೇಳಿದರೆ, "ಹೊತ್ತಾತು ಮಾರಾಯ, ಅವಳು ಒಬ್ಬಳೇ ಅದಾಳೆ" ಎನ್ನುತ್ತಿದ್ದಳು.

ಆ ಸಂಜೆ ನಾನು ನಿರ್ಧಾರ ಮಾಡಿದೆ. ಪರದೆ ಮಾತ್ರ ಇದ್ದ ಒಳಕೋಣೆಗೆ ಬಾಗಿಲು ಹಾಕಿಸುವುದು, ನಾವಿಬ್ಬರೂ ಹೊರಗೆ ಹೋಗುವಾಗ ಅವಳನ್ನು ಅದರಲ್ಲಿ ಬಿಟ್ಟು ಹೋಗುವುದು.

"ದನ ಕಟ್ಟಿ ಹೋದಂಗೆ ಆಗಲ್ವೇನ್ರೀ?" ಎಂದಳು ಸರೋಜ.

"ಕೆರೇಲಿ ತೇಲೋದಕ್ಕಿಂತ ವಾಸಿ ಅಲ್ವಾ?" ಎಂದೆ. ಆ ಮಾತು ಆಡಿದ್ದು ನೆನೆದರೆ ಈಗಲೂ ನಾಲಿಗೆ ಒಣಗುತ್ತದೆ.

ಸಾಮಿಲ್‌ನಿಂದ ಹಲಸಿನ ಹಲಗೆ ಬಂತು. ಜೊತೆಗೆ ಮಂಜಾಚಾರ್ರು ಬಂದರು. ಅವರೂ ಹೊಸಬಾಳೆಯವರೇ, ನನಗಿಂತ ಐದಾರು ವರ್ಷ ದೊಡ್ಡವರು, ಮಾತು ಕಡಿಮೆ. ಕೆಲಸ ನಾನು ಮಾಡುವುದು, ಅವರು ತಿದ್ದುವುದು ಎಂದು ಒಪ್ಪಂದ. ನಡೆದದ್ದು ತಿರುಗಾಮುರುಗಾ. ನಾನು ಹೆಮ್ಮೆಯಿಂದ ಎರಡು ಪಟ್ಟಿ ಕೊಯ್ದು ತೋರಿಸಿದಾಗ ಅವರು ಒಂದು ಕಣ್ಣು ಮುಚ್ಚಿ ಅದರ ಅಂಚು ನೋಡಿ, "ಮೇಷ್ಟ್ರೇ, ಇದು ನಿಮ್ ಸ್ಕೂಲಿಗೆ ಇಟ್ಕಳ್ರಿ" ಎಂದರು. ಆಮೇಲೆ ನನಗೆ ಹಲಗೆ ಹಿಡಿದುಕೊಳ್ಳುವ ಕೆಲಸ ಸಿಕ್ಕಿತು.

ನಾಲ್ಕು ದಿನ ಅಂಗಳದಲ್ಲಿ ಹೊಟ್ಟು ಸುರುಳಿ ಸುರುಳಿಯಾಗಿ ಬಿತ್ತು. ಅತ್ತೆ ಆ ನಾಲ್ಕೂ ದಿನ ಎಲ್ಲಿಗೂ ಹೋಗಲಿಲ್ಲ. ಜಗಲಿಯಲ್ಲಿ ಕೂತು, ರೆಪ್ಪೆ ಹೊಡೆಯದೆ ಬಾಗಿಲು ಬೆಳೆಯುವುದನ್ನೇ ನೋಡಿದಳು. ಮೂರನೇ ದಿನ ಜೋಡಿಸಿದ ಬಾಗಿಲನ್ನು ಎರಡು ಸ್ಟೂಲಿನ ಮೇಲೆ ಅಡ್ಡ ಮಲಗಿಸಿದ್ದೆವು. ಅವಳು ಎದ್ದು ಬಂದು, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಅದರ ಮೇಲೆ ಅಂಗೈ ಇಟ್ಟಳು.

"ಸುಡ್ತಾ ಐತೆ" ಎಂದಳು.

"ಬಿಸಿಲಿಗೆ ಇಟ್ಟಿದ್ವಲ್ಲ ಅಮ್ಮಾ" ಎಂದರು ಆಚಾರ್ರು. ಅವಳು ಹೋದ ಮೇಲೆ ಅವರೂ ಒಮ್ಮೆ ಮುಟ್ಟಿ ನೋಡಿ, ಮೇಲಕ್ಕೆ ನೋಡಿದರು. ನಮ್ಮ ಅಂಗಳದ ಆ ಮೂಲೆಗೆ ಬಿಸಿಲೇ ಬರುವುದಿಲ್ಲ. ನಾನು ಮುಟ್ಟಲಿಲ್ಲ. ಯಾಕೆ ಮುಟ್ಟಲಿಲ್ಲ ಎಂದು ಕೇಳಬೇಡಿ.

ನಾಲ್ಕನೇ ದಿನ ಬಾಗಿಲು ನಿಲ್ಲಿಸಿದೆವು. ಚೌಕಟ್ಟು ಸ್ವಲ್ಪ ವಾಲಿತ್ತು. ಕೆಳಗೆ ಎರಡು ಸಲ ಉಜ್ಜಿ, ಮೇಲಿನ ಕೀಲಿಗೆ ರಟ್ಟಿನ ತುಂಡು ಕೊಟ್ಟು ಸರಿಮಾಡಿದ ಮೇಲೆ ಬಾಗಿಲು ಒಂದು ಬೆರಳಿಗೆ ಸದ್ದಿಲ್ಲದೆ ತಿರುಗಿತು. ಕೊನೆಗೆ ಉಳಿದದ್ದು ಚಿಲಕ.

"ಯಾವ ಕಡಿಗೆ?" ಎಂದರು ಆಚಾರ್ರು.

"ಹೊರಗೆ."

"ಬಚ್ಚಲಾದ್ರೆ ಒಳಗೆ ಹಾಕ್ತೀವಿ, ಉಗ್ರಾಣ ಆದ್ರೆ ಹೊರಗೆ ಹಾಕ್ತೀವಿ. ಇದು ಯಾವುದ್ರೀ?"

ನಾನು ಸಿಡುಕಿದೆ. "ಹೊರಗೆ ಅಂದ್ನಲ್ಲ ಆಚಾರ್ರೇ."

ಅವರು ಜಗಲಿಯಲ್ಲಿದ್ದ ಅತ್ತೆಯ ಕಡೆ ನೋಡಿದರು. ಚಿಲಕ ಹೊಡೆದು, ಕೊಟ್ಟ ಚಹಾ ಕುಡಿಯದೆ ಹೊರಟುಹೋದರು.

ಮಾರನೇ ದಿನ ಮಧ್ಯಾಹ್ನ ಸರೋಜ ಶಿರಾಳಕೊಪ್ಪಕ್ಕೆ ಮದುವೆಗೆ ಹೋಗಿದ್ದಳು. ನನಗೂ ಬ್ಯಾಂಕಿನಲ್ಲಿ ಒಂದು ಗಂಟೆಯ ಕೆಲಸವಿತ್ತು. ಕೋಣೆಯಲ್ಲಿ ಚಾಪೆ ಹಾಸಿ, ನೀರಿನ ಚೆಂಬು ಇಟ್ಟು, ಅತ್ತೆಯ ಕೈಹಿಡಿದು ಕರೆತಂದೆ. ಅವಳು ಹೊಸ್ತಿಲ ಹತ್ತಿರ ಕಾಲೂರಿ ನಿಂತುಬಿಟ್ಟಳು.

"ಒಳಗೆ ಹೂವಿ ಮಲಗ್ಯಾಳೆ."

ಹೂವಿ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದೇ ಅಂದು. ಯಾವುದೋ ಕಾಲದ ಎಮ್ಮೆ ಇರಬೇಕು ಎಂದುಕೊಂಡೆ. "ಯಾರೂ ಇಲ್ಲ ಅತ್ತೆ, ನೋಡು ಬೇಕಾದ್ರೆ" ಎಂದು ಒಳಗೆ ಹೋಗಿ, ನಾಲ್ಕು ಮೂಲೆಗೂ ಕೈ ಬೀಸಿ ತೋರಿಸಿದೆ. ಹಿಂದೆ ಬಾಗಿಲು ಹಾಕಿಕೊಂಡಿತು. ನಾನೇ ಎಣ್ಣೆ ಹಚ್ಚಿ ನಯಮಾಡಿದ್ದ ಚಿಲಕ ಹೊರಗಡೆ ಮೆತ್ತಗೆ ಸರಿಯಿತು.

ಮೊದಲು ನಗು ಬಂತು. "ಅತ್ತೆ, ತೆಗಿ" ಎಂದೆ. ಆಮೇಲೆ ಬಡಿದೆ. ಫೋನು ಹೊರಗೆ ಚಾರ್ಜಿಗೆ ಹಾಕಿತ್ತು. ಆ ಕೋಣೆಗೆ ಕಿಟಕಿಯಿಲ್ಲ. ಮೇಲೆ ಅಂಗೈಯಗಲದ ಬೆಳಕಿಂಡಿ ಒಂದೇ. ಹೊಸ ಮರದ ವಾಸನೆ ಉಸಿರಿಗೆ ಅಡರಿತು. ಆಚಾರ್ರ ಕೆಲಸ ಎಷ್ಟು ಗಟ್ಟಿ ಎಂಬುದು ನನ್ನ ಭುಜಕ್ಕೆ ಗೊತ್ತಾಯಿತು.

ಹೊರಗೆ ಅತ್ತೆ ಬಾಗಿಲಿಗೆ ಬೆನ್ನುಕೊಟ್ಟು ಕೂತ ಸದ್ದು. "ಬಡೀಬ್ಯಾಡ" ಎಂದಳು. "ಅಮ್ಮ ಬಂದಾಳೆ. ತೆಗೀಬಾರದು. ಅಪ್ಪಯ್ಯ ಹೇಳ್ಯಾನೆ."

ಆ ದನಿಯಲ್ಲಿ ಮುಪ್ಪು ಇರಲಿಲ್ಲ. ಎಂಟೊಂಬತ್ತು ವರ್ಷದ ಹುಡುಗಿ, ದೊಡ್ಡವರು ವಹಿಸಿದ ಕೆಲಸವನ್ನು ಹೆದರಿಕೊಂಡು ಮಾಡುತ್ತಿರುವ ಹುಡುಗಿ, ಮಾತಾಡಿದ ಹಾಗಿತ್ತು. ನಾನು ಬಡಿಯುವುದನ್ನು ನಿಲ್ಲಿಸಿದೆ. ಗಡಿಯಾರವಿಲ್ಲದ ಕೋಣೆಯಲ್ಲಿ ಎಷ್ಟು ಹೊತ್ತು ಹಾಗೆ ಕೂತೆನೋ ತಿಳಿಯದು. ಬೆಳಕಿಂಡಿಯ ಬೆಳಕು ಗೋಡೆಯ ಮೇಲೆ ಒಂದು ಮೊಳ ಜಾರಿತ್ತು.

"ಹೂವೀ, ನಿದ್ದೆ ಬಂತಾ?" ಎಂದಳು ಅತ್ತೆ.

"ಇಲ್ಲ ಅಕ್ಕಾ."

ಉತ್ತರ ಕೊಟ್ಟದ್ದು ನಾನಲ್ಲ. ತೆಳ್ಳಗಿನ, ಒಣಗಿದ ದನಿ. ಅತ್ತೆಯೇ ಎರಡೂ ಮಾತು ಆಡಿದಳು ಎಂದು ಆಗ ನನಗೆ ನಾನೇ ಹೇಳಿಕೊಂಡೆ, ಇವತ್ತಿಗೂ ಹೇಳಿಕೊಳ್ಳುತ್ತೇನೆ. ಆದರೆ ಆ ದನಿ ಬಾಗಿಲಿನ ಯಾವ ಕಡೆಯಿಂದ ಬಂತು ಎಂದು ಆಣೆ ಮಾಡಿ ಹೇಳು ಎಂದರೆ ನನ್ನಿಂದ ಆಗದು.

ನಾನು ಚಾಪೆಯಿಂದ ಎದ್ದು ಗೋಡೆಗೆ ಒತ್ತಿ ನಿಂತೆ. ಐವತ್ತೆಂಟು ವರ್ಷದ ಗಂಡಸು ನಾನು. ಹೊರಗೆ ಅತ್ತೆ ಸಣ್ಣಗೆ ಅಳುತ್ತಿದ್ದಳು. ಅವಳು ಅತ್ತದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ, ಅಪ್ಪ ಸತ್ತಾಗಲೂ. ಆ ಅಳು ಕೇಳುತ್ತಾ ನನ್ನ ಹೆದರಿಕೆ ಎಲ್ಲಿಗೆ ಹೋಯಿತೋ. ಬಾಗಿಲಿಗೆ ಬಾಯಿ ಹಚ್ಚಿ, ಎಷ್ಟು ಸಾಧ್ಯವೋ ಅಷ್ಟು ಮೆತ್ತಗೆ, "ಅಕ್ಕಾ, ನೀರು" ಎಂದೆ.

ಅಳು ನಿಂತಿತು.

"ಅಪ್ಪಯ್ಯ ಬೈತಾನೆ."

"ಒಂದು ಗುಟುಕು ಅಕ್ಕಾ."

ಆಮೇಲೆ ಅವಳು ಎದ್ದ ಸದ್ದು, ಅಡುಗೆಮನೆಯಲ್ಲಿ ಕೊಡಕ್ಕೆ ಚೆಂಬು ತಾಗಿದ ಸದ್ದು, ಹತ್ತಿರ ಬರುವ ಹೆಜ್ಜೆ. ಚಿಲಕ ಸರಿಯಿತು.

ಬಾಗಿಲಲ್ಲಿ ಅತ್ತೆ ನಿಂತಿದ್ದಳು. ನಾನು ಕೈಚಾಚಿದೆ. ಅವಳು ನನ್ನನ್ನು ನೋಡಲೇ ಇಲ್ಲ. ನನ್ನ ಪಕ್ಕಕ್ಕೆ ಬಾಗಿ, ಸೊಂಟದಷ್ಟು ಎತ್ತರದಲ್ಲಿ, ಅಲ್ಲಿ ಯಾರೋ ನಿಂತಿರುವ ಹಾಗೆ ಚೆಂಬನ್ನು ಹಿಡಿದಳು. ತಾಳ್ಮೆಯಿಂದ ಹಿಡಿದಳು, ಸ್ವಲ್ಪ ಸ್ವಲ್ಪವೇ ವಾಲಿಸುತ್ತಾ. ಸೆರಗಿನಿಂದ ಗಾಳಿಯನ್ನು ಒರೆಸಿದಳು. ಆಮೇಲೆ ಚೆಂಬನ್ನು ನನ್ನ ಕೈಗೆ ಕೊಟ್ಟು, ತನ್ನ ಮಾಮೂಲಿ ದನಿಯಲ್ಲಿ, "ಊಟ ಆತೇನಾ ಅಪ್ಪಿ?" ಎಂದು ಕೇಳಿದಳು.

ಚೆಂಬು ಖಾಲಿಯಾಗಿತ್ತು. ನಾನು ನೆಲ ಮುಟ್ಟಿ ನೋಡಿದೆ, ಒಣಗಿತ್ತು. ಅವಳು ತಂದದ್ದೇ ಖಾಲಿ ಚೆಂಬು ಇರಬಹುದು. ತುಂಬಿಸಿದ್ದನ್ನು ನಾನು ಕಂಡಿಲ್ಲವಲ್ಲ.

ಮಾರನೇ ಬೆಳಿಗ್ಗೆ ಮಂಜಾಚಾರ್ರನ್ನು ಕರೆಸಿ, ಚಿಲಕ ಕಿತ್ತು ಒಳಗಡೆಗೆ ಹಾಕಿ ಎಂದೆ. ಅವರು ಯಾಕೆಂದು ಕೇಳಲಿಲ್ಲ. ಅರ್ಧ ಕೆಲಸವಾದ ಮೇಲೆ ನಾನೇ ಕೇಳಿದೆ: "ಆಚಾರ್ರೇ, ಹೂವಿ ಅಂದ್ರೆ ಯಾರು?"

ಅವರು ಸ್ಕ್ರೂ ತಿರುಗಿಸುವುದನ್ನು ನಿಲ್ಲಿಸಿದರು. "ನಿಮ್ಮನೇಲಿ ಹೇಳಿಲ್ವಾ? ಬಂಗಾರಮ್ಮನ ತಂಗಿ ಕಣ್ರೀ. ಆರು ವರ್ಷದ್ದು. ಮೈಮೇಲೆ ಅಮ್ಮ ಬಂದಿತ್ತಂತೆ."

ಅಮ್ಮ ಎಂದರೆ ಸಿಡುಬು. ಹಳ್ಳಿಯಲ್ಲಿ ಆ ರೋಗವನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ನಮ್ಮ ಅಜ್ಜ ಮಗುವನ್ನು ಕೊಟ್ಟಿಗೆಯ ಪಕ್ಕದ ಕೋಣೆಗೆ ಹಾಕಿ, ಹೊರಗೆ ಚಿಲಕ ಹಾಕಿ, ಯಾರೂ ತೆಗೆಯದ ಹಾಗೆ ನೋಡಿಕೊಳ್ಳಲು ದೊಡ್ಡ ಮಗಳನ್ನು ಕೂರಿಸಿದನಂತೆ. ಗಂಜಿ ಕೊಡಲು ಹೊತ್ತಿಗೊಮ್ಮೆ ಅಜ್ಜಿ ಮಾತ್ರ ಒಳಗೆ ಹೋಗುತ್ತಿದ್ದಳು. ಮಗು ನಡುವೆ ನೀರು ಕೇಳುತ್ತಲೇ ಇತ್ತು. ಅಕ್ಕ ತೆಗೆಯಲಿಲ್ಲ. ಮೂರನೇ ದಿನ ಮಧ್ಯಾಹ್ನ ಕೇಳುವುದು ನಿಂತಿತು.

"ಆ ಬಾಗಿಲು ಕಿತ್ತು ಸುಡಾಕೆ ನಮ್ಮಪ್ಪನ್ನ ಕರೆಸಿದ್ರು" ಎಂದರು ಆಚಾರ್ರು. "ಬಂಗಾರಮ್ಮ ಬಾಗಿಲಿಗೆ ಒರಗಿ ಕುಂತಿದ್ಲಂತೆ. ಎಬ್ಬಿಸಾಕೇ ಆಗಲಿಲ್ಲಂತೆ. ಮೊನ್ನೆ ನಿಮಗೆ ಹೇಳ್ಬೇಕು ಅಂದ್ಕಂಡೆ. ಬಾಯಿ ಬರಲಿಲ್ಲ."

ಅಂದಿನಿಂದ ಅತ್ತೆ ಆ ಕೋಣೆಯಲ್ಲಿ ನೆಮ್ಮದಿಯಾಗಿ ಮಲಗಿದಳು. ಅಲೆದಾಟ ನಿಂತಿತು ಎಂದು ಹೇಳಿದರೆ ಕಥೆಗೆ ಚೆಂದ, ಆದರೆ ನಿಲ್ಲಲಿಲ್ಲ. ಅವಳು ಹೊರಟರೆ ಹೋಗಗೊಟ್ಟು, ನಾನೋ ಸರೋಜನೋ ಹತ್ತು ಹೆಜ್ಜೆ ಬಿಟ್ಟು ಹಿಂದೆ ನಡೆಯುತ್ತಿದ್ದೆವು. ದಣಿದ ಮೇಲೆ ಅವಳೇ ತಿರುಗಿ, ನಾವು ಅಲ್ಲಿರುವುದು ಗೊತ್ತೇ ಇತ್ತು ಎಂಬಂತೆ ಕೈ ಕೊಡುತ್ತಿದ್ದಳು. ಒಂದೂವರೆ ವರ್ಷ ಹಾಗೆ ನಡೆದಳು. ಒಂದು ಬೆಳಿಗ್ಗೆ ಗಂಜಿ ಕುಡಿದು ಮಲಗಿದವಳು ಏಳಲಿಲ್ಲ.

ಇದೆಲ್ಲ ಆಗಿ ಎಂಟು ವರ್ಷ ಕಳೆಯಿತು. ಹೋದ ಭಾನುವಾರದ ಮಾತು ಹೇಳಿ ಮುಗಿಸುತ್ತೇನೆ. ಕೊತ್ತಂಬರಿ ಸೊಪ್ಪು ತರಲು ಮನೆಯಿಂದ ಹೊರಟದ್ದು ನೆನಪಿದೆ. ಆಮೇಲೆ ನೆನಪಿರುವುದು, ನಾನು ನನ್ನ ಹಳೆಯ ಸ್ಕೂಲಿನ ಗೇಟಿನ ಮುಂದೆ ನಿಂತಿದ್ದದ್ದು, ಬೀಗ ಹಾಕಿದ ಗೇಟನ್ನು ಅಲುಗಿಸುತ್ತಾ, ಬೆಲ್ಲು ಹೊಡೆದಾಯಿತು ಎಂದು ಯಾರನ್ನೋ ಬೈಯುತ್ತಾ. ನಡುವಿನ ದಾರಿ ನನ್ನ ತಲೆಯಲ್ಲಿ ಇರಲೇ ಇಲ್ಲ. ಹಿಂದೆ ತಿರುಗಿದರೆ, ಸ್ವಲ್ಪ ದೂರದಲ್ಲಿ ಬೇವಿನ ನೆರಳಲ್ಲಿ, ಮನೆಯಲ್ಲಿ ಉಡುವ ಸೀರೆಯಲ್ಲೇ ಸರೋಜ ನಿಂತಿದ್ದಳು.

"ಯಾವಾಗಿಂದ ಹಿಂದೆ ಬರ್ತಿದೀಯ?" ಎಂದೆ.

"ಇವತ್ತಾ?" ಎಂದಳು.

ಆ ಒಂದು ಮಾತು ಇಬ್ಬರಿಗೂ ಕೇಳಿಸಿತು. ಅವಳು ಕಣ್ಣು ಕೆಳಗೆ ಹಾಕಿದಳು. ನಾನು ಎಷ್ಟು ಸಲ ಎಂದು ಕೇಳಬಹುದಿತ್ತು, ಕೇಳಲಿಲ್ಲ.

"ಬಿಸಿಲು ಇನ್ನೂ ಏರಿಲ್ಲ" ಎಂದಳು ಸರೋಜ. "ಇನ್ನೊಂದು ಸ್ವಲ್ಪ ನಡೀಬೇಕು ಅನ್ನಿಸಿದ್ರೆ ನಡೀರಿ. ನಾ ಬರ್ತೀನಿ."