ಮಾಸ್ಕ್ ಹಾಕಿಕೊಂಡು ಬಂದ ಜಪಾನಿ ಹೆಂಗಸು

ಪೂರ್ವ ಏಷ್ಯಾದಲ್ಲಿ ಹಬ್ಬುತ್ತಿದ್ದ ಸಾರ್ಸ್ ಎಂಬ ಹೊಸ ಜ್ವರದ ಸುದ್ದಿ ದಿನವೂ ಟೀವಿಯಲ್ಲಿ ಬರುತ್ತಿದ್ದ ಏಪ್ರಿಲ್ ಅದು. ನಾನಾಗ ಐದು ತಿಂಗಳ ಬಸುರಿ, ಇಂಗ್ಲೆಂಡಿನ ಬೀಸ್ಟನ್ನಿನಲ್ಲಿ ಒಂದು ಸಣ್ಣ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರರ, ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಅದಕ್ಕೆ ಮುಂಚೆ ಎರಡು ಸಲ ಗರ್ಭ ನಿಂತಿರಲಿಲ್ಲ. ಯಾರಾದರೂ ಕೆಮ್ಮಿದರೆ ಸಾಕು, ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗುತ್ತಿತ್ತು.

ಒಂದು ಬೆಳಿಗ್ಗೆ ಜಪಾನಿ ಹೆಂಗಸೊಬ್ಬರು ಬಂದರು. ಗಂಡ ಯೂನಿವರ್ಸಿಟಿಯಲ್ಲಿ ಸಂಶೋಧಕರು. ಅವರಿಬ್ಬರ ಹೆಸರನ್ನು ನಾನೇ ನೋಂದಾಯಿಸಿದ್ದೆ. ಆಕೆಯ ಮೂಗು ಬಾಯಿಗಳನ್ನು ಬಿಳಿ ಮಾಸ್ಕ್ ಮುಚ್ಚಿತ್ತು. ಆಗೆಲ್ಲ ಅಲ್ಲಿ ಆಪರೇಷನ್ ಥಿಯೇಟರಿನ ಹೊರಗೆ ಮಾಸ್ಕ್ ಹಾಕಿದವರನ್ನು ಯಾರೂ ಕಂಡವರಲ್ಲ. ಆಕೆ ಎರಡು ಸಲ ಕೆಮ್ಮಿದರು. ತಾಯಿಯೊಬ್ಬಳು ಮಗುವನ್ನೆತ್ತಿಕೊಂಡು ದೂರ ಸರಿದಳು. ಮುದುಕರೊಬ್ಬರು ಪೇಪರ್ ಮಡಚಿ, ನೀನೇನು ಮಾಡುತ್ತೀ ಎನ್ನುವ ಹಾಗೆ ನನ್ನನ್ನೇ ದಿಟ್ಟಿಸಿದರು.

"ಈಚೆಗೆ ಊರಿಗೆ ಹೋಗಿದ್ರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

"ಇಲ್ಲ, ಒಂದು ವರ್ಷದಿಂದ ಇಲ್ಲೇ ಇದ್ದೇನೆ."

ಅಷ್ಟು ಸಾಕಾಗಬೇಕಿತ್ತು. ಆದರೆ ನನ್ನ ಕೈ ಆಗಲೇ ಹೊಟ್ಟೆಯ ಮೇಲಿತ್ತು. "ಹೊಸ ರೂಲ್ಸ್ ಬಂದಿದೆ. ನೀವು ಹೊರಗೆ ಕಾಯಬೇಕು, ಕರೀತೀನಿ," ಎಂದೆ. ಅಂಥ ರೂಲ್ಸ್ ಯಾವುದೂ ಇರಲಿಲ್ಲ.

ಆಕೆ ನನ್ನನ್ನೊಮ್ಮೆ ನೋಡಿ, ತಲೆ ಬಾಗಿಸಿ, "ಸಾರಿ" ಎಂದು ಹೊರಗೆ ಹೋದರು. ಕೊರೆಯುವ ಗಾಳಿ. ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತರು.

ಫೋನುಗಳು ಬರುತ್ತಲೇ ಇದ್ದವು. ಆಕೆಯ ಸರದಿ ಬಂತು, ಹೋಯಿತು. ಮರೆತೆನೋ, ಮರೆಯಬೇಕೆಂದೇ ಮರೆತೆನೋ, ಇವತ್ತಿಗೂ ನನಗೆ ಖಚಿತವಿಲ್ಲ. ಮುಕ್ಕಾಲು ಗಂಟೆಯ ಮೇಲೆ ಡಾಕ್ಟರರೇ ಹೊರಬಂದು, "ಆ ಜಪಾನಿ ಪೇಷಂಟ್ ಎಲ್ಲಿ?" ಎಂದರು. ನಾನು ಬಾಗಿಲಿನತ್ತ ಕೈ ತೋರಿಸಿದೆ.

ಆಕೆ ಮೊಣಕಾಲ ಮೇಲೆ ಕೈಯೂರಿ ಮುಂದಕ್ಕೆ ಬಾಗಿದ್ದರು. ಒಂದೊಂದು ಉಸಿರಿಗೂ ಭುಜಗಳು ಮೇಲೇಳುತ್ತಿದ್ದವು. ಡಾಕ್ಟರರು ಮಾಸ್ಕ್ ಸರಿಸಿದಾಗ ತುಟಿ ನೀಲಿಯಾಗಿತ್ತು. ಬಾಗಿಲ ಕರೆಗಂಟೆ ಆಕೆಯ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು.

ಧಾರವಾಡದವರಾದ ಡಾಕ್ಟರರು ನನ್ನೊಡನೆ ಬೆಂಗಳೂರಿನ ಕನ್ನಡವನ್ನೇ ಆಡುತ್ತಿದ್ದರು. ಅವತ್ತು ಅದು ಜಾರಿಹೋಯಿತು. "ಯಾಕ ಹೊರಗ ಕೂಡ್ಸೀರಿ? ಆಂಬುಲೆನ್ಸಿಗೆ ಫೋನ್ ಹಚ್ರಿ, ಲಗೂ."

ಆಸ್ತಮಾ. ಆಕ್ಸಿಜನ್ ಕೊಡುತ್ತಿರುವಾಗಲೂ ಆಕೆ ಉಸಿರಿನ ನಡುವೆ "ಸಾರಿ, ಸಾರಿ" ಎನ್ನುತ್ತಿದ್ದರು.

ಆಂಬುಲೆನ್ಸ್ ಹೋದ ಮೇಲೆ ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಡಾಕ್ಟರರು ಬಯ್ಯಲಿಲ್ಲ. "ಅವರ ದೇಶದಾಗ ನೆಗಡಿ ಆದ್ರೂ ಮಾಸ್ಕ್ ಹಾಕ್ತಾರ್ರೀ. ತಮ್ಮದು ಮಂದಿಗೆ ಹತ್ತಬಾರದಂತ," ಎಂದಷ್ಟೇ ಹೇಳಿ ಒಳಗೆ ಹೋದರು.

ಆಕೆ ಹುಷಾರಾಗಿದ್ದಾರೆ ಎಂದು ಆಸ್ಪತ್ರೆಯಿಂದ ತಿಳಿಯುವವರೆಗೆ, ಮೂರು ದಿನ, ಫೋನ್ ಬಂದಾಗಲೆಲ್ಲ ಆಕೆ ಸತ್ತ ಸುದ್ದಿಯೇ ಇರಬೇಕೆಂದುಕೊಳ್ಳುತ್ತಿದ್ದೆ. ಅದರ ಜೊತೆಗೇ, ಹೇಳಲು ನಾಚಿಕೆಯಾಗುತ್ತದೆ, ಮನೆಯಲ್ಲಿ ಮತ್ತೆ ಮತ್ತೆ ಥರ್ಮಾಮೀಟರ್ ಬಾಯಲ್ಲಿಟ್ಟುಕೊಂಡು ನನಗೇ ಜ್ವರ ಬಂದಿದೆಯೇ ಎಂದು ನೋಡುತ್ತಿದ್ದೆ. ಗಂಡನಿಗೆ ಏನೂ ಹೇಳಿರಲಿಲ್ಲ.

ಎರಡು ವಾರದ ನಂತರ ಆಕೆ ಬಂದರು. ದೂರು ಕೊಡಲು ಬಂದಿದ್ದಾರೆ, ಕೆಲಸ ಹೋಯಿತು ಅಂದುಕೊಂಡೆ. ತೆಳು ಕಾಗದ ಸುತ್ತಿದ ಸಿಹಿತಿಂಡಿಯ ಪೊಟ್ಟಣವನ್ನು ಆಕೆ ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದರು.

"ಅವತ್ತು ನಿಮಗೆಲ್ಲ ತೊಂದರೆ ಕೊಟ್ಟೆ. ಕ್ಷಮಿಸಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಅಂಥ ರೂಲ್ಸ್ ಇರಲಿಲ್ಲ. ನನಗೆ ಭಯ ಆಗಿತ್ತು," ಎಂದೆ.

"ಗೊತ್ತು. ನಿಮ್ಮ ಹೊಟ್ಟೆ ನೋಡಿದೆ. ಅದಕ್ಕೇ ಹೊರಗೆ ಹೋದೆ."

"ಬೆಲ್ ಆದರೂ ಒತ್ತಬಹುದಿತ್ತಲ್ಲ?"

"ಒತ್ತಿದ್ದರೆ ನೀವೇ ಎದ್ದು ಬರಬೇಕಿತ್ತು," ಎಂದರು, ಬಲು ಸಹಜವಾಗಿ.

ಒಬ್ಬರು ಇನ್ನೊಬ್ಬರಿಗೆ ತೊಂದರೆಯಾಗಬಾರದೆಂದು ಉಸಿರು ನಿಲ್ಲುವವರೆಗೂ ಸುಮ್ಮನೆ ಕೂರಬಲ್ಲರು ಎಂಬುದು ನನ್ನನ್ನು ಸಾರ್ಸಿಗಿಂತ ಹೆಚ್ಚು ಹೆದರಿಸಿತು.

ಆಮೇಲೆ ಆಕೆ ಮೂರು ಸಲ ತಪಾಸಣೆಗೆ ಬಂದರು. ಪ್ರತಿ ಸಲವೂ ಒಳಗೆ, ಹೀಟರ್ ಹತ್ತಿರ ಕೂರಿಸಿದೆ. ಆದರೂ ಆಕೆ ಕೆಮ್ಮಿದಾಗ ನಾನು ಉಸಿರು ಬಿಗಿಹಿಡಿಯುತ್ತಿದ್ದೆ.

ಆಗಸ್ಟಿನಲ್ಲಿ ಮಗಳು ಸುಖವಾಗಿ ಹುಟ್ಟಿದಳು. ಅಷ್ಟರಲ್ಲಿ ಆಕೆ ಗಂಡನೊಂದಿಗೆ ಜಪಾನಿಗೆ ಮರಳಿದ್ದರು. ಅಲ್ಲಿನ ವಿಳಾಸ ಕೇಳುವ ಧೈರ್ಯ ನನಗೆ ಬಂದಿರಲೇ ಇಲ್ಲ.