ಅಬ್ರಹಾಮನನ್ನು ಬಾಗಿಲಲ್ಲಿ ತಡೆದವರು

ಅರವತ್ತರ ದಶಕ. ಸಾಗರದ ನಮ್ಮ ಸಣ್ಣ ಚರ್ಚಿನಲ್ಲಿ ಕ್ರಿಸ್‌ಮಸ್ ನಾಟಕ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ಆಗಷ್ಟೇ ಟೀಚರ್ ಆಗಿದ್ದೆ, ಸೊಕ್ಕೂ ಇತ್ತು. ಯೇಸು ಹುಟ್ಟಿದ ಗೋದಲಿಗೆ ಕುರುಬರ ಜೊತೆ ಹಳೆಯ ಒಡಂಬಡಿಕೆಯ ಮೂಲಪುರುಷ ಅಬ್ರಹಾಮನನ್ನೂ ಕರೆತಂದೆ. ಆ ಪಾತ್ರಕ್ಕೆ ಹೊಸನಗರದ ಕಡೆಯ ಮುದುಕ ಬಡಗಿಯೊಬ್ಬರನ್ನು ಒಪ್ಪಿಸಿದೆ. ಹಿಂದಿನ ವರ್ಷ ದೀಕ್ಷಾಸ್ನಾನ ಪಡೆದವರು. ಅದಕ್ಕೆ ಮೊದಲು ಊರೂರಿನ ತಾಳಮದ್ದಳೆಗಳಲ್ಲಿ ಕೂತು ಮಾತಿಗೆ ಮಾತು ಕೊಟ್ಟು ಅರ್ಥ ಹೇಳುತ್ತಿದ್ದರು. ಕ್ರೈಸ್ತರಾದ ಮೇಲೆ ಯಾರೂ ಕರೆಯುತ್ತಿರಲಿಲ್ಲ. ಮತ್ತೆ ಪಾತ್ರ ಸಿಕ್ಕಿತೆಂಬ ಖುಷಿಗೆ ತಿಂಗಳುಗಟ್ಟಲೆ ಗಡ್ಡ ಬಿಟ್ಟಿದ್ದರು.

ಕೊನೆಯ ಪ್ರಾಕ್ಟೀಸಿನ ದಿನ ಸಭೆಯ ಹಿರಿಯರೊಬ್ಬರು ಎದ್ದರು.

"ಟೀಚರೇ, ಯೇಸು ಹುಟ್ಟೋಕ್ಕಿಂತ ಎಷ್ಟೋ ಮೊದ್ಲೇ ಸತ್ತವನು ಇಲ್ಲಿಗೆ ಹ್ಯಾಗೆ ಬರ್ತಾನೆ? ಆ ಪಾತ್ರ ತೆಗ್ದುಬಿಡಿ."

ನನಗೆ ಸಿಟ್ಟು ನೆತ್ತಿಗೇರಿತು. ಮುದುಕರ ಮುಖ ನೋಡಲಾಗಲಿಲ್ಲ.

ಅವರು ಹೆಗಲ ವಸ್ತ್ರ ಸರಿಮಾಡಿಕೊಂಡು, ತಾಳಮದ್ದಳೆಗೆ ಕೂರುವಂತೆ ಹಿರಿಯರೆದುರು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

"ಅಯ್ಯಾ ದ್ವಾರಪಾಲಕ, ನಾನು ಅಬ್ರಹಾಮ. ಈ ಗೋದಲಿಯ ಬಾಗಿಲಲ್ಲಿ ನನ್ನನ್ನು ತಡೆಯುವುದಕ್ಕೆ ಕಾರಣವೇನು?"

ಹಿರಿಯರೂ ಇದೇ ಸೀಮೆಯವರು. ಹೀಗೆ ಸವಾಲು ಹಾಕಿದರೆ ಸುಮ್ಮನಿರುವ ಜಾಯಮಾನ ಅವರದಲ್ಲ. ಅವರೂ ಕೂತೇಬಿಟ್ಟರು.

"ರಕ್ಷಕನೇ ಹುಟ್ಟಿರದ ಕಾಲದವನು ನೀನು. ನಿನಗೆ ರಕ್ಷಣೆ ಎಲ್ಲಿಯದು?"

"ನಿನ್ನ ಸಂತತಿಯಿಂದ ಲೋಕಕ್ಕೆಲ್ಲ ಆಶೀರ್ವಾದವೆಂದು ದೇವರು ಮಾತು ಕೊಟ್ಟಿದ್ದ. ನಂಬಿ ಮನೆ ಬಿಟ್ಟು ಹೊರಟೆ."

"ಹಾಗಾದರೆ ನಿನ್ನ ಪುಣ್ಯದಿಂದ ಬಂದೆಯೋ?"

"ನನ್ನಲ್ಲೇನು ಪುಣ್ಯ? ನನ್ನ ಪಾಪಕ್ಕೂ ನಿನ್ನ ಪಾಪಕ್ಕೂ ಶಿಲುಬೆ ಒಂದೇ. ಆಗಿಹೋದದ್ದನ್ನು ನೀನು ನಂಬಿದೆ, ಆಗಲಿರುವುದನ್ನು ನಾನು ನಂಬಿದೆ. ನನಗೆ ಬೇರೊಬ್ಬ ರಕ್ಷಕನಿದ್ದರೆ ಅವನ ಹೆಸರು ಹೇಳು, ಇಲ್ಲಿಂದಲೇ ಹಿಂದಿರುಗುತ್ತೇನೆ."

ಹಿರಿಯರು ಚಾಪೆಯಿಂದೆದ್ದು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನಾನಂತೂ ವಾದ ಗೆದ್ದವಳು ನಾನೇ ಎಂಬಂತೆ ಬೀಗುತ್ತಿದ್ದೆ. ಪಾತ್ರ ತೆಗೆಯುವ ಮಾತು ಮತ್ತೆ ಬರಲಿಲ್ಲ.

ಹಬ್ಬದ ದಿನ ಗೋದಲಿಯಲ್ಲಿ ಮಲಗಿದ್ದುದು ಆ ಹಿರಿಯರದೇ ಮೊಮ್ಮಗ, ಮೂರು ತಿಂಗಳ ಕೂಸು. ಅಬ್ರಹಾಮ ಬಂದರು. ಅವರಿಗೆಂದೇ ಉದ್ದನೆಯ ಮಾತು ಬರೆದುಕೊಟ್ಟಿದ್ದೆ. ಗೋದಲಿಯ ಮುಂದೆ ಮಂಡಿಯೂರಿದವರಿಗೆ ಒಂದಕ್ಷರವೂ ಹೊರಡಲಿಲ್ಲ. ಗಡ್ಡದ ಮೇಲೆ ಕಣ್ಣೀರು ಇಳಿಯುತ್ತಿತ್ತು.

ಮುಂದಿನ ಸಾಲಿನಿಂದ ಹಿರಿಯರು ಮೆಲ್ಲಗೆ ಹೇಳಿದರು: "ಎತ್ಕೊಳ್ಳಿ ಮಾರಾಯ್ರೆ. ನಿಮಗಾಗಿಯೂ ಹುಟ್ಟಿದ್ದಾನೆ."

ಮುದುಕರು ಕೂಸನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಯಾರೂ ಹೇಳದೆಯೇ ಇಡೀ ಸಭೆ ಎದ್ದು ನಿಂತು ಹಾಡತೊಡಗಿತು. ಎಲ್ಲರಿಗಿಂತ ಜೋರಾಗಿ ಹಾಡಿದವರು ಆ ಹಿರಿಯರು.